ಬಾಗಿಲವರೆಗೆ ಬಂದ ಡಾಕ್ಟರು

"ಬಲೂನ್ ಕೊಡಿ" ಅಂದರು ಡಾಕ್ಟರು.

ನರ್ಸ್ ಏನೂ ಕೊಡಲಿಲ್ಲ. ಡಾಕ್ಟರು ಖಾಲಿ ಕೈ ಚಾಚಿಕೊಂಡೇ ನಿಂತರು, ನರ್ಸ್ ಗೋಡೆಗಡಿಯಾರ ನೋಡುತ್ತಾ ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಅವರು "ಸ್ಟೆಂಟ್" ಅಂದರು. ಅದನ್ನೂ ಯಾರೂ ಕೊಡಲಿಲ್ಲ.

ಮೇಜಿನ ಮೇಲಿದ್ದ ರೋಗಿ ಅರೆನಿದ್ದೆಯಲ್ಲಿದ್ದರು. ಕಿವಿಗೆ ಹೆಡ್‌ಫೋನ್, ಅದರಲ್ಲಿ ಸಂಗೀತ. ಮಣಿಕಟ್ಟಿನಿಂದ ಹೃದಯದವರೆಗೆ ತೆಳುವಾದ ನಳಿಕೆಯೊಂದು ಹೋಗಿತ್ತು. ಹೋದದ್ದಷ್ಟೇ, ಅಲ್ಲಿ ಏನನ್ನೂ ಮಾಡದೆ ವಾಪಸ್ ಬರುವುದರಲ್ಲಿತ್ತು.

ಎಕ್ಸ್‌ರೇ ತಾಗದಿರಲಿ ಎಂದು ನನಗೂ ಒಂದು ಸೀಸದ ಏಪ್ರನ್ ತೊಡಿಸಿ ಮೂಲೆಯಲ್ಲಿ ನಿಲ್ಲಿಸಿದ್ದರು. ಅದರ ಭಾರಕ್ಕೆ ಸೊಂಟ ಹಿಡಿದುಕೊಂಡಿತ್ತು, ಜೊತೆಗೆ ನಗು ಬೇರೆ. ಪೊಲೀಸ್ ನೌಕರಿಯಲ್ಲಿ ಬಗೆಬಗೆಯ ನಾಟಕ ನೋಡಿದವಳು ನಾನು. ಇಷ್ಟು ಓದಿದವರು ಇಷ್ಟು ಗಂಭೀರವಾಗಿ ಏನೂ ಮಾಡದೆ ಇರುವುದನ್ನು ನೋಡಿದ್ದು ಮಾತ್ರ ಇದೇ ಮೊದಲು.

ನಗುವ ವಿಷಯವಲ್ಲ, ನಿಜ. ಹೃದಯಾಘಾತವಾದಾಗ, ಕಟ್ಟಿದ ನಾಳವನ್ನು ಬಲೂನಿನಿಂದ ಹಿಗ್ಗಿಸಿ ಒಳಗೆ ಕೂರಿಸುವ ಲೋಹದ ಜಾಲರಿ, ಅಂದರೆ ಸ್ಟೆಂಟ್, ಜೀವ ಉಳಿಸುತ್ತದೆ, ಅದರಲ್ಲಿ ಯಾರ ತಕರಾರೂ ಇಲ್ಲ. ಪ್ರಶ್ನೆ ಇದ್ದದ್ದು ಬೇರೆಯವರ ಬಗ್ಗೆ. ಬಿರಬಿರನೆ ನಡೆದರೆ ಎದೆ ಹಿಡಿಯುತ್ತದೆ, ಕೂತರೆ ಬಿಡುತ್ತದೆ ಎನ್ನುವವರು ಇರುತ್ತಾರಲ್ಲ, ಅವರ ಬಗ್ಗೆ. ಅಂಥವರಿಗೆ ಮಾತ್ರೆಯ ಜೊತೆ ಸ್ಟೆಂಟನ್ನೂ ಹಾಕಿದರೆ ನೋವು ಹೋಗುತ್ತದೆ. ಹೋಗಿದ್ದು ಸ್ಟೆಂಟಿನಿಂದಲೋ, ಹಾಕಿಸಿಕೊಂಡೆ ಎಂಬ ನೆಮ್ಮದಿಯಿಂದಲೋ?

ಅದನ್ನು ತಿಳಿಯಲೆಂದೇ ಈ ಪರೀಕ್ಷೆ. ಎಲ್ಲರಿಗೂ ಮಾತ್ರೆ ಉಂಟು. ಅದರ ಮೇಲೆ ಅರ್ಧ ಜನಕ್ಕೆ ನಿಜವಾದ ಸ್ಟೆಂಟ್, ಇನ್ನರ್ಧ ಜನಕ್ಕೆ ಬರೀ ನಳಿಕೆಯ ಓಡಾಟ. ಯಾರಿಗೆ ಯಾವುದು ಎಂದು ಆರಿಸುವುದು ಕಂಪ್ಯೂಟರ್. ರೋಗಿಗಳು ಎಲ್ಲ ಕೇಳಿ ತಿಳಿದು ಒಪ್ಪಿಕೊಂಡವರೇ. ಪರೀಕ್ಷೆಯ ಅವಧಿ ಮುಗಿದ ಮೇಲೆ ಬೇಕೆಂದವರಿಗೆ ಸ್ಟೆಂಟ್ ಸಿಗುತ್ತದೆ. ಅಲ್ಲಿಯವರೆಗೆ ಅವರಿಗಾಗಲಿ, ವಾರ್ಡಿನಲ್ಲಿ ಅವರನ್ನು ನೋಡಿಕೊಳ್ಳುವವರಿಗಾಗಲಿ ಗುಟ್ಟು ತಿಳಿಯಬಾರದು.

ಆ ಗುಟ್ಟನ್ನು ಯಾರೋ ಫೋನ್ ಮಾಡಿ ಬಿಟ್ಟುಕೊಡುತ್ತಿದ್ದರು. ಬೇಕರಿಯವರೊಬ್ಬರು, ಬಸ್ ಡ್ರೈವರ್ ಒಬ್ಬರು, ನಿವೃತ್ತ ಮೇಷ್ಟ್ರೊಬ್ಬರು, ಹೀಗೆ ಆರಾಮಾಗಿ ಓಡಾಡಿಕೊಂಡಿದ್ದ ಮೂವರಿಗೆ ಪಿಸುದನಿಯ ಕರೆ ಬಂದಿತ್ತು. "ನಿಮ್ಮ ಎದೆಯಲ್ಲಿ ಏನೂ ಹಾಕಿಲ್ಲ. ಹೋಗಿ ಹಾಕಿಸ್ಕೊಳ್ಳಿ." ಕರೆ ಬಂದ ಮೇಲೆ ಮೂವರಿಗೂ ಹಳೆಯ ನೋವು ವಾಪಸ್ ಬಂದಿತ್ತು.

ಪರೀಕ್ಷೆಯ ಮುಖ್ಯಸ್ಥೆ ನನ್ನನ್ನು ಕರೆಸಿದ್ದು ಅದಕ್ಕೆ. ನಾನು ಊಟ ನಿದ್ದೆ ಬಿಟ್ಟು ಓಡಾಡುತ್ತಿದ್ದುದಕ್ಕೆ ಮಾತ್ರ ಕಾರಣ ಬೇರೆ. ನನ್ನ ಅಕ್ಕನ ಗಂಡ, ನಮ್ಮ ಭಾವ, ಅದೇ ಪರೀಕ್ಷೆಯಲ್ಲಿದ್ದರು. ಲಿಫ್ಟ್ ರಿಪೇರಿ ಮಾಡುವ ಅವರು ಒಂದು ವರ್ಷ ಮನೆಯಲ್ಲಿ ಎದೆ ಒತ್ತಿಕೊಂಡು ಕೂತಿದ್ದವರು, ಈಗ ಮತ್ತೆ ಕೆಲಸಕ್ಕೆ ಹೋಗುತ್ತಿದ್ದರು, ಮತ್ತೆ ಜೋಕು ಹೊಡೆಯುತ್ತಿದ್ದರು. ಅವರ ಫೋನ್ ರಿಂಗಾದಾಗಲೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು. ಕರೆ ಮಾಡುವವರು ಭಾವನನ್ನು ಮುಟ್ಟುವ ಮೊದಲು ನಾನು ಅವರನ್ನು ಮುಟ್ಟಬೇಕಿತ್ತು.

ಕರೆ ಬಂದದ್ದು ಆಸ್ಪತ್ರೆಯ ಹಜಾರದಲ್ಲಿರುವ ಸಾರ್ವಜನಿಕ ಫೋನಿನಿಂದ. ಬೇಕರಿಯವರು ಅದು ನೆಗಡಿಯಾದ ಗಂಡಸಿನ ದನಿ ಎಂದು ಆಣೆ ಮಾಡಿದರು. ಡ್ರೈವರ್ ಹೆಂಗಸೇ ಎಂದರು. ಮೇಷ್ಟ್ರು ಎದೆ ಹಿಡಿದುಕೊಂಡು, ಯಾರಾದರೇನಮ್ಮ ಎಂದರು.

ನನ್ನ ಅನುಮಾನ ಇಬ್ಬರ ಮೇಲಿತ್ತು. ಒಬ್ಬ ಪರೀಕ್ಷೆಯ ಅಂಕಿಅಂಶ ನೋಡಿಕೊಳ್ಳುವ ಲೆಕ್ಕಿಗ. ಯಾರಿಗೆ ಸ್ಟೆಂಟ್, ಯಾರಿಗೆ ಇಲ್ಲ ಎಂಬ ಇಡೀ ಗುಟ್ಟು ಅವನ ಕಂಪ್ಯೂಟರಿನಲ್ಲಿತ್ತು. ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ, ಕಣ್ಣು ಮಿಟುಕಿಸದ ಆಸಾಮಿ. ಇನ್ನೊಬ್ಬರು ಈಗ ನನ್ನೆದುರು ಖಾಲಿ ಕೈ ಚಾಚಿ ನಿಂತಿದ್ದ ಡಾಕ್ಟರು. ಆಸ್ಪತ್ರೆಯವರು ಅವರನ್ನು 'ಚಿನ್ನದ ಕೈ' ಎಂದು ಕರೆಯುತ್ತಿದ್ದರು. ಹಾಕಿದ ಸ್ಟೆಂಟಿಗೆ ಲೆಕ್ಕವಿಲ್ಲ, ಮಾಡಿದ ಹೆಸರಿಗೂ ಲೆಕ್ಕವಿಲ್ಲ. ಪರೀಕ್ಷೆಯಲ್ಲಿ ಸ್ಟೆಂಟ್ ಸೋತರೆ ಮುಖಭಂಗ ಅವರಿಗೇ. ಪರೀಕ್ಷೆಯೇ ಹಾಳಾಗಿಹೋದರೆ ಆ ಪ್ರಶ್ನೆಯೇ ಇಲ್ಲ. ನನ್ನ ದುಡ್ಡೇನಾದರೂ ಪಣಕ್ಕಿಟ್ಟಿದ್ದರೆ ಅವರ ಮೇಲೇ ಇಡುತ್ತಿದ್ದೆ.

ನಾಟಕ ಮುಗಿಯಿತು. ನಳಿಕೆ ತೆಗೆದು ಮಣಿಕಟ್ಟಿಗೆ ಪಟ್ಟಿ ಬಿಗಿದರು. ಸ್ಟೆಂಟ್ ಹಾಕಿದವರಿಗೂ ಅದೇ ಪಟ್ಟಿ, ಅಷ್ಟೇ ಬಿಗಿ. ನಿಯಮದ ಪ್ರಕಾರ ಇಲ್ಲಿಗೆ ಡಾಕ್ಟರ ಪಾತ್ರ ಮುಗಿಯಬೇಕು. ಅಟೆಂಡರ್ ಸ್ಟ್ರೆಚರನ್ನು ಗಾಜಿನ ಬಾಗಿಲವರೆಗೆ ತಳ್ಳಿಕೊಂಡು ಹೋಗಿ, ತುಟಿ ಪಿಟಕ್ಕೆನ್ನದೆ ವಾರ್ಡಿನವರಿಗೆ ಒಪ್ಪಿಸಿ ಬರಬೇಕು.

ಡಾಕ್ಟರು ಗ್ಲೌಸ್ ಕಳಚಿದರು. ಆಮೇಲೆ ಸ್ಟ್ರೆಚರಿನ ಕಂಬಿಗೆ ಕೈ ಹಾಕಿ, ಅಟೆಂಡರ್ ಪಕ್ಕದಲ್ಲೇ ಹೆಜ್ಜೆ ಹಾಕಿದರು. ರೋಗಿಯ ಹೊದಿಕೆ ಸರಿಮಾಡಿದರು. ಬಾಗಿಲಲ್ಲಿ ಬಗ್ಗಿ ಭುಜ ತಟ್ಟಿದರು. ಒಂದು ಮಾತೂ ಆಡಲಿಲ್ಲ, ಅಷ್ಟರಮಟ್ಟಿಗೆ ನಿಯಮ ಪಾಲಿಸಿದರು.

ನಾನೂ ಹಿಂದೆಯೇ ಹೋಗಿ ಇಣುಕಿದೆ. ಗಾಜಿನಾಚೆಯ ಬೆಂಚುಗಳಲ್ಲಿ ರೋಗಿಗಳ ಮನೆಯವರು ಕೂತಿದ್ದರು. ಅವರ ಮಧ್ಯೆ ನಮ್ಮಕ್ಕ ಯಾವುದೋ ಹೆಂಗಸಿನ ಕೈ ಹಿಡಿದುಕೊಂಡು ಸಮಾಧಾನ ಹೇಳುತ್ತಿದ್ದಳು. ಭಾವ ಅಡ್ಮಿಟ್ ಆದ ವಾರದಿಂದ ಅವಳಿಗೆ ಇದೊಂದು ಹೊಸ ಹುಚ್ಚು. ಯಾರೂ ಕರೆಯದಿದ್ದರೂ ದಿನಾ ಬೆಳಿಗ್ಗೆ ಬಂದು ಕೂರುತ್ತಾಳೆ, ಕಂಡವರಿಗೆಲ್ಲ ಧೈರ್ಯ ತುಂಬುತ್ತಾಳೆ. ನನ್ನ ಏಪ್ರನ್ ವೇಷ ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಾನು ಕಣ್ಣು ಬಿಟ್ಟು ಹೆದರಿಸಿ ಒಳಗೆ ಬಂದೆ.

ಮುಂದಿನ ರೋಗಿಗೆ ಕಂಪ್ಯೂಟರ್ ಸ್ಟೆಂಟ್ ಆರಿಸಿತ್ತು. ಈ ಸಲ ನರ್ಸ್ ಕೊಡುವುದನ್ನು ಕೊಟ್ಟಳು, ಡಾಕ್ಟರು ಹಾಕುವುದನ್ನು ಹಾಕಿದರು. ಪರದೆಯ ಮೇಲೆ ಕಟ್ಟಿಹೋದ ನಾಳ ನನ್ನ ಕಣ್ಣೆದುರೇ ತೆರೆದುಕೊಂಡಿತು. ಮೈ ಜುಮ್ಮೆಂದಿತು, ಸುಳ್ಳೇಕೆ ಹೇಳಲಿ. ಅವರ ಕೈ ಚಿನ್ನದ್ದೇ.

ಕೆಲಸ ಮುಗಿದದ್ದೇ ತಡ, ಡಾಕ್ಟರು ಸಿಂಕಿನ ಕಡೆ ತಿರುಗಿ ಕೈ ತೊಳೆಯತೊಡಗಿದರು. ಸ್ಟ್ರೆಚರ್ ಹೋಯಿತು. ಅವರು ಕತ್ತೆತ್ತಿಯೂ ನೋಡಲಿಲ್ಲ.

ನನ್ನೊಳಗೆ ಏನೋ ಟಕ್ ಎಂದಿತು. ಮೊದಲನೆಯವರ ಜೊತೆ ಬಾಗಿಲವರೆಗೆ ಹೋದವರು ಎರಡನೆಯವರ ಜೊತೆ ಏಕೆ ಹೋಗಲಿಲ್ಲ? ಕೆಲಸವಿಲ್ಲದ ಕಡೆ ಅಷ್ಟೊಂದು ಉಪಚಾರ, ಕೆಲಸ ಮಾಡಿದ ಕಡೆ ಬೆನ್ನು. ಹೆಡ್‌ಫೋನು, ಪಟ್ಟಿ, ಅಳೆದು ತೂಗಿದ ಮಾತು, ಎಲ್ಲದಕ್ಕೂ ಎಳ್ಳುನೀರು ಬಿಟ್ಟ ಹಾಗಾಗಿತ್ತು. ಗಾಜಿನ ಬಾಗಿಲ ಮೇಲೆ ಕಣ್ಣಿಟ್ಟವರಿಗೆ ಕಂಪ್ಯೂಟರಿನ ಹಂಗೇ ಬೇಕಿರಲಿಲ್ಲ.

ಏಪ್ರನ್ ಬಿಸಾಡಿ, ಬಟ್ಟೆ ಬದಲಿಸುವ ಕೋಣೆಯ ಮುಂದೆ ಕಾದು, ಡಾಕ್ಟರು ಹೊರಬಂದ ಕೂಡಲೇ ದಾರಿಗೆ ಅಡ್ಡ ನಿಂತೆ. ನೌಕರಿ ಬಿಟ್ಟು ಎಷ್ಟು ಕಾಲವಾದರೂ ಅಡ್ಡ ನಿಲ್ಲುವುದು ಮಾತ್ರ ಮರೆತಿಲ್ಲ.

"ಆ ಮೊದಲನೇ ಸ್ಟ್ರೆಚರ್ ಜೊತೆ ಬಾಗಿಲವರೆಗೂ ಯಾಕೆ ಹೋದ್ರಿ ಡಾಕ್ಟ್ರೇ?"

"ಹೋದ್ನಾ?"

"ಹೊದಿಕೆ ಸರಿ ಮಾಡಿದ್ರಿ. ಭುಜ ತಟ್ಟಿದ್ರಿ. ಎರಡನೆಯವರನ್ನ ತಿರುಗಿಯೂ ನೋಡ್ಲಿಲ್ಲ."

ಅವರು ಮೊದಲು ನಕ್ಕರು, ಆಮೇಲೆ ರೇಗಿದರು. ರೋಗಿಗಳನ್ನು ಪ್ರೀತಿಯಿಂದ ನೋಡಿಕೊಂಡರೂ ತಪ್ಪೇ, ಪೊಲೀಸರಿಗೆ ಅದೂ ಅಪರಾಧವೇ ಎಂದರು. ಈ ಪರೀಕ್ಷೆ ತಮಗೆ ಮೊದಲಿಂದಲೂ ಇಷ್ಟವಿರಲಿಲ್ಲ, ಮುಖ್ಯಸ್ಥೆಯ ಮಾತಿಗೆ ಕಟ್ಟುಬಿದ್ದು ಒಪ್ಪಿಕೊಂಡದ್ದು ಎಂದೂ ಹೇಳಿದರು. ಹೇಳುತ್ತಾ ಹೇಳುತ್ತಾ ದನಿ ಇಳಿಯಿತು. ಪಕ್ಕದಲ್ಲಿದ್ದ ಸ್ಟೂಲಿನ ಮೇಲೆ ಕೂತು ತಮ್ಮ ಕೈಗಳನ್ನೇ ನೋಡಿಕೊಂಡರು.

"ಏನೂ ಮಾಡದೆ ಕಳಿಸೋದು ನನಗೆ ಬರಲ್ಲ ಮೇಡಂ" ಅಂದರು. "ನನ್ನನ್ನ ನಂಬಿ ಮಲಗಿರ್ತಾರೆ. ಖಾಲಿ ಕೈಯಲ್ಲಿ ಎಬ್ಬಿಸಿ ಕಳಿಸ್ತೀನಿ. ಬಾಗಿಲವರೆಗಾದ್ರೂ ಹೋಗೋಣ ಅನ್ನಿಸಿಬಿಡುತ್ತೆ. ಹೋಗ್ತಿದ್ದೀನಿ ಅಂತಾನೂ ನನಗೆ ಗೊತ್ತಿರಲ್ಲ."

ನನಗೆ ಅಯ್ಯೋ ಅನ್ನಿಸಿತು. ಆದರೆ ಅಯ್ಯೋ ಅನ್ನುತ್ತಾ ಕೂರುವ ಹೊತ್ತಲ್ಲ. ಯಾರ್ಯಾರಿಗೆ ಕರೆ ಹೋಗಿದೆ ಎಂದು ಡಾಕ್ಟರಿಗೆ ಅಲ್ಲಿಯವರೆಗೆ ಯಾರೂ ಹೇಳಿರಲಿಲ್ಲ. ಬೇಕೆಂದೇ ಒಂದೊಂದಾಗಿ ಹೇಳಿ ಅವರ ಮುಖ ನೋಡಿದೆ. ಬೇಕರಿಯವರು ಅಂದಾಗ ತಲೆ ತಗ್ಗಿಸಿದರು. ಡ್ರೈವರ್ ಅಂದಾಗ ಕಣ್ಣು ಮುಚ್ಚಿದರು.

"ಮೂರನೆಯವರು ಮೇಷ್ಟ್ರು" ಅಂದೆ. "ಏನೂ ಹಾಕಿಲ್ಲ ಅಂತ ಅವರಿಗೂ ಕರೆ ಹೋಗಿದೆ."

ಡಾಕ್ಟರು ತಟ್ಟನೆ ಕತ್ತೆತ್ತಿದರು. "ಮೇಷ್ಟ್ರಿಗೆ ಹಾಕಿದ್ದೀನಲ್ಲ."

"ಗೊತ್ತು."

ಕರೆ ಬಂದ ಮೂವರ ಗುಟ್ಟನ್ನು ಮುಖ್ಯಸ್ಥೆ ಲೆಕ್ಕಿಗನಿಂದ ತೆರೆಸಿ ನನಗೆ ಹೇಳಿದ್ದರು. ಇಬ್ಬರಿಗೆ ಏನೂ ಹಾಕಿರಲಿಲ್ಲ. ಮೇಷ್ಟ್ರಿಗೆ ಮಾತ್ರ ಹಾಕಿತ್ತು. ಕರೆ ಮಾಡಿದವರು ಅಲ್ಲಿ ಎಡವಿದ್ದರು. ಏಕೆ ಎಡವಿದರು ಎಂಬುದೇ ಅಲ್ಲಿಯವರೆಗೆ ನನ್ನ ತಲೆ ತಿನ್ನುತ್ತಿತ್ತು. ದಾರಿ ತಪ್ಪಿಸಲು ಬೇಕೆಂದೇ ಹೇಳಿದ ಸುಳ್ಳು ಎಂದುಕೊಂಡಿದ್ದೆ, ಡಾಕ್ಟರ ಬೆರಗು ಕಂಡ ಮೇಲೆ ಆ ಊಹೆ ಬಿದ್ದುಹೋಯಿತು. ಕಂಪ್ಯೂಟರ್ ನೋಡಿ ಹೇಳುವ ಲೆಕ್ಕಿಗನಾಗಿದ್ದರೆ ತಪ್ಪುತ್ತಿರಲಿಲ್ಲ. ತನ್ನ ಕೈಯಿಂದಲೇ ಸ್ಟೆಂಟ್ ಹಾಕಿದ ಡಾಕ್ಟರಂತೂ ತಪ್ಪಲು ಸಾಧ್ಯವೇ ಇರಲಿಲ್ಲ. ನಾನು ಹಿಡಿಯಲು ಹೊರಟಿದ್ದ ಇಬ್ಬರೂ ಒಂದೇ ಏಟಿಗೆ ಕೈತಪ್ಪಿ ಹೋದರು.

ಆದರೆ ಡಾಕ್ಟರಿಗೆ ಅದಾವುದೂ ಬೇಕಿರಲಿಲ್ಲ. ಅವರ ಮುಖ ಬಿಳಿಚಿಕೊಂಡಿತ್ತು. ಮೇಷ್ಟ್ರಿಗೆ ನೋವು ಬಂದಿದೆಯೇ ಎಂದು ಕೇಳಿದರು. ಬಂದಿದೆ, ಅಂಗಳ ದಾಟಲೂ ಆಗುತ್ತಿಲ್ಲ ಎಂದೆ.

"ಆ ನಾಳ ತೆರೆದಿದೆ. ನಾನೇ ತೆರೆದಿದ್ದು. ನೋವು ಹೇಗೆ ಬರುತ್ತೆ?"

"ಅದನ್ನೇ ಅಲ್ವಾ ಡಾಕ್ಟ್ರೇ, ನೀವೆಲ್ಲ ಸೇರಿ ಕಂಡುಹಿಡೀತಿರೋದು?"

ನನಗೆ ಬೇಕಿದ್ದ ಉತ್ತರ ಅದಲ್ಲ. ಒಬ್ಬ ಮೇಷ್ಟ್ರಿಂದ ಯಾವುದೂ ರುಜುವಾತಾಗುವುದಿಲ್ಲ ಎಂದು ಮುಖ್ಯಸ್ಥೆ ಮೊದಲೇ ಎಚ್ಚರಿಸಿದ್ದರು. ನಾನು ಕೇಳಿದ್ದು ಇಷ್ಟೇ: ಸ್ಟೆಂಟ್ ಹಾಕಿದ್ದರೂ ಮೇಷ್ಟ್ರ ಜೊತೆ ಬಾಗಿಲವರೆಗೆ ಹೋಗಿದ್ದಿರಾ?

ಹೋಗಿದ್ದರು. ಅವರಿಗೆ ಚಿಕ್ಕಂದಿನಲ್ಲಿ ಅಕ್ಷರ ಕಲಿಸಿದ ಮೇಷ್ಟ್ರಂತೆ. ಗುರುಗಳನ್ನು ಅಟೆಂಡರ್ ಕೈಗೆ ಬಿಟ್ಟು ಕೈ ತೊಳೆಯಲು ಹೋಗುವುದು ಹೇಗೆ ಎಂದು ನನ್ನನ್ನೇ ಕೇಳಿದರು.

ನನಗೆ ಅಲ್ಲೇ ಕುಣಿಯಬೇಕೆನಿಸಿತು. ಸಿಕ್ಕಿತ್ತು. ಕರೆ ಮಾಡಿದವರು ನೋಡಿದ್ದು ಕಂಪ್ಯೂಟರನ್ನಲ್ಲ, ಡಾಕ್ಟರ ನಡಿಗೆಯನ್ನು. ಗಾಜಿನ ಬಾಗಿಲವರೆಗೆ ಬಂದರೆ ಏನೂ ಹಾಕಿಲ್ಲ ಎಂದು ಲೆಕ್ಕ ಹಾಕಿದ್ದರು. ಮೇಷ್ಟ್ರ ವಿಷಯದಲ್ಲಿ ಆ ಲೆಕ್ಕ ಕೈಕೊಟ್ಟಿತ್ತು.

"ಬೇರೆ ಯಾರ ಜೊತೆ ಹೋಗಿದ್ರಿ? ನೆನಪು ಮಾಡ್ಕೊಳ್ಳಿ."

ಇತ್ತೀಚಿನವರ ನೆನಪಿಲ್ಲ, ಅಭ್ಯಾಸವಾಗಿಬಿಟ್ಟಿದೆ ಎಂದರು. ಮೊದಲ ವಾರದ್ದು ಮಾತ್ರ ನೆನಪಿದೆ, ಆಗ ತುಂಬ ಸಂಕಟವಾಗುತ್ತಿತ್ತು. ಬೇಕರಿಯವರು, ಡ್ರೈವರ್, ಮೇಷ್ಟ್ರು. ಅಷ್ಟು ಹೇಳಿ ನನ್ನ ಮುಖ ನೋಡಿ ತಡೆದರು.

"ಹೇಳಿ."

"ನಿಮ್ಮ ಭಾವ" ಅಂದರು. "ಬಾಗಿಲವರೆಗೂ ಹೋಗಿದ್ದೆ. ಅರೆನಿದ್ದೇಲೂ ಏನೋ ಜೋಕು ಹೇಳ್ತಿದ್ರು."

ಕುಣಿಯಬೇಕೆಂದಿದ್ದ ಕಾಲು ಅಲ್ಲೇ ನಿಂತಿತು. ಭಾವನ ಎದೆಯಲ್ಲಿ ಏನೂ ಇಲ್ಲವೇ ಎಂದು ಕೇಳಲು ಬಾಯಿ ತೆರೆದೆ, ಡಾಕ್ಟರು ಕೈ ಅಡ್ಡ ಹಿಡಿದರು. ಅದನ್ನು ಮಾತ್ರ ಕೇಳಬೇಡಿ ಎಂದರು. ಮೇಷ್ಟ್ರ ಹಾಗೆ ಭಾವನ ಜೊತೆಗೂ ಬೇರೆ ಕಾರಣಕ್ಕೆ ಹೋಗಿರಬಹುದು, ಹೋಗಿಲ್ಲದಿರಬಹುದು, ತಾವು ಹೇಳುವುದಿಲ್ಲ.

ಸರಿ, ಕೇಳಲಿಲ್ಲ. ತಲೆ ಆಗಲೇ ಬೇರೆ ಕಡೆ ಓಡುತ್ತಿತ್ತು. ಮೊದಲ ವಾರ ಡಾಕ್ಟರು ಬಾಗಿಲವರೆಗೆ ಹೋದದ್ದು ನಾಲ್ವರ ಜೊತೆ. ಮೂವರಿಗೆ ಕರೆ ಬಂದಿದೆ. ಒಬ್ಬರಿಗೆ ಬಂದಿಲ್ಲ. ಎಲ್ಲರ ಮೇಲೂ ಇರುವ ಕಣ್ಣು ಭಾವನೊಬ್ಬರನ್ನೇ ಬಿಟ್ಟದ್ದೇಕೆ?

ರೋಗಿಗಳ ಮನೆಯವರು ಬೆಂಚಿನಲ್ಲಿ ಒಂದು ದಿನ ಕೂರುತ್ತಾರೆ, ಹೆಚ್ಚೆಂದರೆ ಎರಡು ದಿನ. ಆ ವಾರವಿಡೀ ಅಲ್ಲಿ ಕೂತಿದ್ದವರು ಯಾರು? ಕೈ ಹಿಡಿದು ಸಮಾಧಾನ ಹೇಳಿ, ಹೆಂಗಸರ ಸ್ನೇಹ ಸಂಪಾದಿಸಿ, ಮನೆ ಫೋನ್ ನಂಬರ್ ಇಸಿದುಕೊಂಡವರು ಯಾರು?

ಓಡಿದೆ. ಈ ವಯಸ್ಸಿನಲ್ಲಿ ಆಸ್ಪತ್ರೆಯ ಹಜಾರದಲ್ಲಿ ಹೆಂಗಸೊಬ್ಬಳು ಓಡಿದರೆ ಜನ ದಾರಿ ಬಿಡುತ್ತಾರೆ, ಯಾರೋ ಹೋದರು ಅಂದುಕೊಂಡು. ಬೆಂಚಿನಲ್ಲಿ ಅಕ್ಕ ಇರಲಿಲ್ಲ. ಊಟದ ಹೊತ್ತಿಗೆ ಮನೆಗೆ ಹೋದರು ಎಂದು ಪಕ್ಕದವರು ಹೇಳಿದರು.

ಅಕ್ಕ ಅಡುಗೆಮನೆಯಲ್ಲಿ ಬಟಾಣಿ ಸುಲಿಯುತ್ತಿದ್ದಳು. ಭಾವ ಕೆಲಸದಿಂದ ಊಟಕ್ಕೆ ಬರುವ ಹೊತ್ತು, ಇನ್ನೂ ಬಂದಿರಲಿಲ್ಲ. ನಾನು ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ನುಗ್ಗಿದೆ. ಅವಳು ನನ್ನ ಕಾಲು ನೋಡಿದಳು, ಮುಖ ನೋಡಿದಳು, ಬಟಾಣಿಯ ಪಾತ್ರೆ ಪಕ್ಕಕ್ಕಿಟ್ಟಳು.

"ಗೊತ್ತಾಯ್ತಾ?" ಅಂದಳು.

ಕಳ್ಳರ ಬಾಯಿಂದ ತಪ್ಪು ಒಪ್ಪಿಸಲು ನಾನು ಎಷ್ಟೆಷ್ಟೋ ಉಪಾಯ ಕಲಿತಿದ್ದೆ. ಒಂದೂ ಬೇಕಾಗಲಿಲ್ಲ. ಸಿಟ್ಟು ಬರಬೇಕಿತ್ತು, ಅಳು ಬಂತು.

"ಯಾಕಕ್ಕಾ?"

"ಆ ಜನಕ್ಕೆ ಏನೂ ಹಾಕಿಲ್ಲ ಕಣೇ ಪುಟ್ಟಿ. ಎಲ್ಲ ಸರಿಯಾಯ್ತು ಅಂತ ಕುಣೀತಾ ಓಡಾಡ್ತಿದ್ರು. ಎಲ್ಲೋ ಬಿದ್ದುಬಿಟ್ರೆ? ಅವರ ಹೆಂಡ್ತೀರು ನನ್ನ ಕೈ ಹಿಡ್ಕೊಂಡು ಅತ್ತಿದ್ದಾರೆ. ತಿಳಿದೂ ಸುಮ್ನಿರು ಅಂತೀಯಾ?"

ಅವಳಿಗೆ ತಿಳಿದದ್ದಾದರೂ ಹೇಗೆ ಎಂದು ಕೇಳಿದೆ. ಅದೇನು ಮಹಾ ಎಂದಳು. ತನ್ನ ಮಾತ್ರೆ ತರಲು ಮರೆತ ದಿನ ಭಾವ ಹೇಳದೆಯೇ ತರಕಾರಿ ಚೀಲ ಹಿಡಿದುಕೊಳ್ಳುತ್ತಾರೆ, ಹೇಳದೆಯೇ ಫ್ಯಾನ್ ಹಾಕುತ್ತಾರೆ. ಆ ಡಾಕ್ಟರು ಸ್ಟ್ರೆಚರ್ ಕಂಬಿ ಹಿಡಿದಿದ್ದೂ ಥೇಟ್ ಹಾಗೇ. ತಪ್ಪು ಮಾಡಿದ ಗಂಡಸಿನ ಉಪಚಾರ ತನಗೆ ಗೊತ್ತಾಗುವುದಿಲ್ಲವೇ ಎಂದು ಕೇಳಿದಳು.

ಮೇಷ್ಟ್ರ ವಿಷಯ ಹೇಳಿದೆ. ಅವರಿಗೆ ಸ್ಟೆಂಟ್ ಹಾಕಿತ್ತು, ಆದರೂ ಅವಳ ಕರೆ ಬಂದ ಮೇಲೆ ನೋವು ಶುರುವಾಗಿದೆ, ಮಿಕ್ಕಿಬ್ಬರಿಗೂ ಅಷ್ಟೇ ಎಂದೆ. ಅಕ್ಕ ನನ್ನನ್ನೇ ದಿಟ್ಟಿಸಿ ನೋಡಿದಳು. ಮುಖದಲ್ಲಿದ್ದ ಹಟ ಸ್ವಲ್ಪ ಸ್ವಲ್ಪವಾಗಿ ಕರಗಿ, ಅಲ್ಲಿ ಹೆದರಿಕೆ ಬಂದು ಕೂತಿತು.

"ಭಾವನಿಗೆ ಮಾತ್ರ ಯಾಕೆ ಹೇಳ್ಲಿಲ್ಲ ನೀನು?" ಅಂದೆ. "ಡಾಕ್ಟರು ಅವರ ಜೊತೇನೂ ಬಾಗಿಲವರೆಗೆ ಬಂದಿದ್ರಲ್ಲ."

"ಹೇಳ್ಬೇಕು ಅಂತ ದಿನಾ ಬಾಯಿ ತೆಗೀತೀನಿ" ಅಂದಳು ಅಕ್ಕ. "ಅಷ್ಟರಲ್ಲಿ ಅವರು ನಗಿಸಿಬಿಡ್ತಾರೆ."

ಹಿಂದೆ ಸದ್ದಾಯಿತು. ಸ್ಪ್ಯಾನರ್ ಚೀಲ ನೆಲಕ್ಕೆ ಇಟ್ಟ ಸದ್ದು. ಭಾವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ, ಅವರ ಮುಖ ನೋಡಿದರೆ ಸಾಕಷ್ಟು ಹೊತ್ತೇ ಆಗಿತ್ತು.

ಭಾವ ಒಮ್ಮೆ ಅಕ್ಕನನ್ನು, ಒಮ್ಮೆ ನನ್ನನ್ನು ನೋಡಿ ನಗಲು ಪ್ರಯತ್ನಿಸಿದರು.

"ಅಂದ್ರೆ ನನ್ನೊಳಗೆ ಏನೂ ಇಲ್ಲ ಅಂತಾಯ್ತು."

"ಇಲ್ಲ ಭಾವ, ಹಾಗೇನೂ ಗೊತ್ತಿಲ್ಲ" ಅಂದೆ. "ಇರಬಹುದು. ಮೇಷ್ಟ್ರಿಗೆ ಇದೆ. ನಿಮಗೂ ಇರಬಹುದು."

"ಗೊತ್ತು ಮಾಡ್ಕೋಬಹುದಾ ಪೊಲೀಸಮ್ಮ?"

ಮಾಡಿಕೊಳ್ಳಬಹುದಿತ್ತು. ಗುಟ್ಟು ಬಯಲಾದ ರೋಗಿಗೆ ಕೇಳುವ ಹಕ್ಕಿದೆ. ಮುಖ್ಯಸ್ಥೆಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವರು ನಿಟ್ಟುಸಿರು ಬಿಟ್ಟು, "ಲೆಕ್ಕಿಗನನ್ನೇ ಕೇಳಿ, ನಾನು ಒಪ್ಪಿದ್ದೀನಿ ಅಂತ ಹೇಳಿ" ಎಂದರು. ನಾನು ನಂಬರ್ ಒತ್ತುವಷ್ಟರಲ್ಲಿ ಭಾವ ಅಂಗಿಯ ತೋಳು ಮಡಚಿಕೊಂಡು ಹೊರಗಿನ ಮೆಟ್ಟಿಲ ಕಡೆ ಹೊರಟಿದ್ದರು. ಲಿಫ್ಟ್ ಮೆಕ್ಯಾನಿಕ್ ಇರುವ ಕಟ್ಟಡಕ್ಕೇ ಲಿಫ್ಟ್ ಇಲ್ಲ, ತಾರಸಿಗೆ ನಾಲ್ಕು ಮಹಡಿ ಹತ್ತಬೇಕು.

"ಎಲ್ಲಿಗೆ?" ಅಕ್ಕ ಎದ್ದು ಅವರ ತೋಳು ಹಿಡಿದಳು.

"ದಿನಾ ಹತ್ತೋ ಮೆಟ್ಟಿಲೇ ಅಲ್ವೇನೇ. ಅವರ ಕಂಪ್ಯೂಟರ್ ಏನನ್ನುತ್ತೋ ನೀವು ಕೇಳಿ. ನನ್ನ ಎದೆ ಏನನ್ನುತ್ತೋ ನಾನು ಕೇಳ್ತೀನಿ."

ಅವಳ ಬೆರಳುಗಳನ್ನು ಮೆಲ್ಲಗೆ ಬಿಡಿಸಿ ಹೋದರು. ಅಕ್ಕ ಹಿಂದೆ ಹೋಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಕತ್ತು ಮೇಲೆತ್ತಿ ನಿಂತಳು.

ಮೊದಲ ಮಹಡಿ ದಾಟಿದ ಸದ್ದು ಕೇಳಿಸಿತು. ಹೆಜ್ಜೆ ಚುರುಕಾಗಿಯೇ ಇತ್ತು. ಎರಡನೆಯದೂ ದಾಟಿತು.

"ಆಯ್ತು ಮೇಡಂ" ಎಂದ ಲೆಕ್ಕಿಗ ಕಿವಿಯಲ್ಲಿ. "ನಿಮ್ಮ ಭಾವನದ್ದು ತೆರೆದಿದ್ದೀನಿ. ಓದಲಾ?"

ಮೇಲೆ, ಮೂರನೆಯ ಮಹಡಿಗೆ ಹೋಗುವ ತಿರುವಿನಲ್ಲಿ, ಹೆಜ್ಜೆಯ ಸದ್ದು ನಿಂತಿತು.